ಮಾತ್ಸುಯೆಯ ದೊಡ್ಡ ಸೇತುವೆ ದಾಟುವುದು ಹೇಗೆ

ಸೇತುವೆ ದಾಟೋದಕ್ಕೂ ಹೇಳಿಕೊಡಬೇಕಾ ಅಂತ ನಗಬೇಡಿ. ಜಪಾನಿನ ಮಾತ್ಸುಯೆ ಊರಿನ ಓಹಾಶಿ ಸೇತುವೆಯನ್ನು ಸುಮ್ನೆ ದಾಟಿದರೆ ಎರಡು ಮೂರು ನಿಮಿಷದಲ್ಲಿ ಮುಗಿಯುತ್ತದೆ. ಅತ್ತಿತ್ತ ಓಡಾಡುವ ಕಾರು, ಕಲ್ಲಿನ ಕಟಾಂಜನ, ಕೆಳಗೆ ಅವಸರವೇ ಇಲ್ಲದ ಒಂದು ನದಿ, ಅಷ್ಟೇ. ಕೋಟೆ ನೋಡುವ ಆತುರದಲ್ಲಿ ಇರುವವರಿಗೆ ಇದು ದಾರಿಯ ಒಂದು ತುಂಡು. ಆದರೆ ಇಲ್ಲಿ ನಡುಗಂಬದ ಬುಡಕ್ಕೆ ಒಬ್ಬ ಮನುಷ್ಯನನ್ನು ಜೀವಂತ ಹೂತರು ಅನ್ನುವ ಕಥೆ ಇದೆ. ಕಥೆ ಕೇಳಿ ದಾಟಿದರೆ ಒಂದು ಥರ, ಕಥೆಯ ಗಂಟು ಬಿಚ್ಚುತ್ತಾ ದಾಟಿದರೆ ಇನ್ನೊಂದು ಥರ. ಎರಡನೆಯದಕ್ಕೆ ಅರ್ಧ ದಿನ ಬೇಕು. ಅದನ್ನು ಹೇಗೆ ಮಾಡೋದು ಅಂತ ಹೇಳುತ್ತೇನೆ.

ಮೊದಲು ಊರಿಗೆ ತಲುಪಿ. ಮಾತ್ಸುಯೆ ಇರುವುದು ಶಿಮಾನೆ ಪ್ರಾಂತ್ಯದಲ್ಲಿ, ಜಪಾನ್ ಸಮುದ್ರದ ಕಡೆಗೆ. ಬುಲೆಟ್ ರೈಲು ಇಲ್ಲಿಗೆ ಬರುವುದಿಲ್ಲ. ಒಕಯಾಮಾದಲ್ಲಿ ಇಳಿದು ಯಾಕುಮೊ ಎಂಬ ಎಕ್ಸ್‌ಪ್ರೆಸ್ ಹಿಡಿಯಬೇಕು, ಬೆಟ್ಟ ದಾಟಿಕೊಂಡು ಸುಮಾರು ಎರಡೂವರೆ ಗಂಟೆ. ಟೋಕಿಯೊದಿಂದ ರಾತ್ರಿ ಹೊರಡುವ ಸನ್‌ರೈಸ್ ಇಜುಮೊ ಅನ್ನುವ ಮಲಗುವ ಗಾಡಿಯೂ ಇಲ್ಲಿ ನಿಲ್ಲುತ್ತದೆ, ಟಿಕೆಟ್ ಸಿಕ್ಕಿದರೆ ಅದೇ ಚೆನ್ನ. ಸ್ಟೇಷನ್ ನದಿಯ ದಕ್ಷಿಣಕ್ಕಿದೆ, ಕೋಟೆ ಉತ್ತರಕ್ಕಿದೆ. ಇದು ನಮಗೆ ಅನುಕೂಲವೇ ಆಯ್ತು, ಯಾಕಂದ್ರೆ ಕಥೆಯ ಮನುಷ್ಯನೂ ದಕ್ಷಿಣ ದಂಡೆಯ ಕಡೆಯವನೇ. ಬಸ್ಸು ಹತ್ತಬೇಡಿ. ನಡೆಯಿರಿ, ಹದಿನೈದು ಇಪ್ಪತ್ತು ನಿಮಿಷ ಅಷ್ಟೇ.

ಸೇತುವೆಯ ದಕ್ಷಿಣ ತುದಿಯಲ್ಲಿ ಒಂದು ಪುಟ್ಟ ಪಾರ್ಕ್ ಕಾಣುತ್ತದೆ, ಅದರಲ್ಲಿ ನೆನಪಿನ ಕಲ್ಲುಗಳಿವೆ. ಈಗ ಅಲ್ಲಿಗೆ ಹೋಗಬೇಡಿ. ಕಲ್ಲು ಎಲ್ಲೂ ಓಡಿಹೋಗಲ್ಲ, ವಾಪಸ್ ಬರುವಾಗ ನೋಡೋಣ. ಮೊದಲೇ ಹೋದರೆ ಅವು ಬರೀ ಕಲ್ಲು.

ನೇರ ಸೇತುವೆಯ ನಡುವಿಗೆ ಹೋಗಿ ನಿಂತು ನೀರು ನೋಡಿ. ಇದನ್ನು ತಪ್ಪಿಸಬೇಡಿ, ಅರ್ಧ ಕಥೆ ನೀರಿನಲ್ಲೇ ಇದೆ. ನಿಮ್ಮ ಪಶ್ಚಿಮಕ್ಕೆ ಶಿಂಜಿ ಸರೋವರ, ಸುಮಾರು 79 ಚದರ ಕಿಲೋಮೀಟರ್ ವಿಸ್ತಾರದ್ದು, ಆದರೆ ಆಳ ಮಾತ್ರ ಸರಾಸರಿ ನಾಲ್ಕೂವರೆ ಮೀಟರ್. ಪೂರ್ವಕ್ಕೆ ನಾಕಾಉಮಿ ಎಂಬ ಇನ್ನೊಂದು ನೀರು, ಅದು ಸಮುದ್ರಕ್ಕೆ ತೆರೆದುಕೊಳ್ಳುತ್ತದೆ. ಇವೆರಡರ ನಡುವಿನ ಕೊಂಡಿಯೇ ಓಹಾಶಿ ನದಿ. ಇವುಗಳ ನೀರಿನ ಮಟ್ಟದಲ್ಲಿ ವ್ಯತ್ಯಾಸ ಎಷ್ಟು ಕಡಿಮೆ ಅಂದರೆ ಸಮುದ್ರ ಉಬ್ಬಿದಾಗ ಉಪ್ಪುನೀರು ಹಿಂದಕ್ಕೆ ಹರಿದು ಸರೋವರ ಸೇರುತ್ತದೆ. ನೀರಿನ ಮೇಲೆ ತೇಲುವ ಒಂದು ಎಲೆಯನ್ನೋ ನೊರೆಯನ್ನೋ ಹಿಡಿದು ಐದು ನಿಮಿಷ ನೋಡುತ್ತಿರಿ. ಬೆಳಗ್ಗೆ ಪೂರ್ವಕ್ಕೆ ಹೋಗುತ್ತಿದ್ದದ್ದು ಮಧ್ಯಾಹ್ನ ಪಶ್ಚಿಮಕ್ಕೆ ಹೋಗುತ್ತಿರಬಹುದು. ಈ ಸಿಹಿ-ಉಪ್ಪು ಬೆರಕೆಯಿಂದಲೇ ಇಲ್ಲಿನ ಶಿಜಿಮಿ ಚಿಪ್ಪುಗಳಿಗೆ ಅಷ್ಟು ಹೆಸರು. ನದಿಯ ತಳ ಬಂಡೆಯಲ್ಲ, ಕೆಸರು. ಇದನ್ನು ನೆನಪಿಡಿ.

ಈಗ ಕಥೆ. 1600ರ ಸೆಕಿಗಹರಾ ಯುದ್ಧದ ನಂತರ ಈ ಊರಿರುವ ಇಜುಮೊ ಸೀಮೆ ಹೊರಿಯೊ ಮನೆತನದ ಕೈಗೆ ಬಂತು. ಅವರಿಗೆ ಮೊದಲು ಸಿಕ್ಕಿದ್ದು ಬೆಟ್ಟದ ನಡುವಿನ ಗಸ್ಸನ್ ತೋದಾ ಕೋಟೆ. ಯುದ್ಧಕ್ಕೆ ಅದು ಸರಿ, ಊರು ಕಟ್ಟೋದಕ್ಕೆ, ವ್ಯಾಪಾರಕ್ಕೆ ಅಲ್ಲ. ಹಾಗಾಗಿ ಹೊರಿಯೊ ಯೊಶಿಹರು ಈ ಸರೋವರದ ಬಾಯಿಗೆ ಬಂದು 1607ರಲ್ಲಿ ಹೊಸ ಕೋಟೆ ಶುರುಮಾಡಿದ, 1611ಕ್ಕೆ ಮುಗಿಯಿತು. ಕೋಟೆ ಉತ್ತರ ದಂಡೆಯಲ್ಲಿ, ವ್ಯಾಪಾರಿಗಳ ಶಿರಕತಾ ದಕ್ಷಿಣ ದಂಡೆಯಲ್ಲಿ. ಎರಡನ್ನೂ ಸೇರಿಸದೆ ಊರು ಊರಾಗಲ್ಲ. ಸೇತುವೆ ಬೇಕೇ ಬೇಕು.

ಆದರೆ ಕಂಬ ನಿಲ್ಲಲಿಲ್ಲ. ಲೆಕ್ಕವಿಲ್ಲದಷ್ಟು ಕಲ್ಲು ತಂದು ಸುರಿದರಂತೆ, ಹಗಲು ಹಾಕಿದ್ದು ರಾತ್ರಿ ಮಾಯ. ಹೇಗೋ ಕಟ್ಟಿದರೆ ಕಂಬ ಕುಸಿಯಿತು, ಆಮೇಲೆ ಪ್ರವಾಹ ಬಂದು ಅರ್ಧ ಸೇತುವೆ ಕೊಚ್ಚಿಕೊಂಡು ಹೋಯಿತು. ಕೊನೆಗೆ ನದಿಗೆ ಒಬ್ಬ ಮನುಷ್ಯನನ್ನು ಕೊಡೋದು ಅಂತ ತೀರ್ಮಾನವಾಯಿತು. ಯಾರನ್ನು? ಮಾಚಿ ಅನ್ನೋ ತುಂಡು ಇಲ್ಲದ ಹಕಾಮಾ ಉಡುಪು ಉಟ್ಟು ಮೊದಲು ದಾಟಲು ಬರುವವನನ್ನು. ಸಾಯ್ಕಾಮಾಚಿ ಬೀದಿಯ ಗೆನ್ಸುಕೆ ಎಂಬವನು ಅವತ್ತು ಹಾಗೇ ಬಂದ. ಅವನನ್ನು ಹಿಡಿದು, ಸೆಳೆತ ಜಾಸ್ತಿ ಇರುವ ನಡುಗಂಬದ ಜಾಗದಲ್ಲಿ ಹೂತರು. ಆ ಕಂಬಕ್ಕೆ ಗೆನ್ಸುಕೆ ಕಂಬ ಅಂತಲೇ ಹೆಸರಾಯಿತು. ಸೇತುವೆ ಮುನ್ನೂರು ವರ್ಷ ಅಲುಗಲಿಲ್ಲವಂತೆ. ಚಂದ್ರ ಇಲ್ಲದ ರಾತ್ರಿ ಎರಡರಿಂದ ಮೂರು ಗಂಟೆಯೊಳಗೆ ಆ ಕಂಬದ ಸುತ್ತ ಕೆಂಪು ಬೆಂಕಿಯೊಂದು ಸುಳಿಯುತ್ತಿತ್ತಂತೆ.

ಕೆರೆಗೆ ನೀರು ಬರಲಿ ಅಂತ ಕಿರಿಸೊಸೆಯನ್ನು ಆಹುತಿ ಕೊಟ್ಟ ಕಥೆ ಕೇಳಿ ಬೆಳೆದ ನಮಗೆ ಇದು ಪರಕೀಯ ಅನ್ನಿಸುವುದಿಲ್ಲ. ಹೊಟ್ಟೆಯೊಳಗೆ ಅದೇ ತಣ್ಣಗಿನ ಭಾವ. ಹಾಗಂತ ಅಲ್ಲೇ ನಿಲ್ಲಬೇಡಿ, ಒಂದೊಂದೇ ಎಳೆ ಬಿಡಿಸಿ.

ಮೊದಲ ಎಳೆ ಬಟ್ಟೆ. ಹಕಾಮಾ ಅಂದರೆ ಕಿಮೊನೊ ಮೇಲೆ ಸೊಂಟಕ್ಕೆ ಕಟ್ಟುವ ನೆರಿಗೆಯ ಉಡುಪು. ನಾನು ಮೊದಲ ಸಲ ಓದುವಾಗ ಈ ಮಾಚಿ ಅನ್ನೋದನ್ನು ಹಾರಿಸಿ ಮುಂದೆ ಹೋಗಿದ್ದೆ, ಅದು ತಪ್ಪು. ಈ ಕಥೆಯನ್ನು ಹೊರಜಗತ್ತಿಗೆ ಮುಟ್ಟಿಸಿದ ಲೇಖಕ ಲಾಫ್ಕಾಡಿಯೋ ಹರ್ನ್ ಅದನ್ನು ಹೀಗೆ ವಿವರಿಸುತ್ತಾರೆ: ಹಿಂಬದಿ ಸೊಂಟದ ಪಟ್ಟಿಯೊಳಗೆ ಹೊಲಿದ ಗಟ್ಟಿ ಹಲಗೆಯಂಥ ತುಂಡು, ನೆರಿಗೆ ನೆಟ್ಟಗೆ ಇಳಿಯಲಿ ಅಂತ. ಇವತ್ತಿನ ಹೊಲಿಗೆಯವರನ್ನು ಕೇಳಿದರೆ ಅದಕ್ಕೆ ಕೊಶಿ-ಇತಾ ಅನ್ನುತ್ತಾರೆ. ಅವರ ಮಾಚಿ ಅಂದರೆ ಎರಡು ಕಾಲುಗಳ ನಡುವೆ ಸೇರಿಸುವ ಬಟ್ಟೆಯ ತುಂಡು, ಅದಿದ್ದರೆ ಹಕಾಮಾ ಪೈಜಾಮದ ಹಾಗೆ ಇಬ್ಭಾಗವಾಗುತ್ತದೆ, ಕುದುರೆ ಹತ್ತಬಹುದು. ಯಾವುದನ್ನೇ ಹಿಡಿಯಿರಿ, ಕಥೆ ಹೇಳುತ್ತಿರುವುದು ಒಂದೇ. ಅಂಗೈ ಅಗಲದ ಒಂದು ತುಂಡು ಇಲ್ಲದ್ದಕ್ಕೆ ಜೀವ ಹೋಯಿತು. ಸಾಯ್ಕಾಮಾಚಿ ಕಾಲಾಳುಗಳು ಇದ್ದ ಬೀದಿ. ಅಲ್ಲಿನವನೊಬ್ಬ ಅರೆಕೊರೆ ಉಡುಪಿನಲ್ಲಿ ಬರುವುದರಲ್ಲಿ ಆಶ್ಚರ್ಯವೇನಿದೆ? ಅದೃಷ್ಟದ ಆಟ ಅಂತ ಕಾಣುವ ಷರತ್ತು, ಆದರೆ ಯಾವ ಥರದವನು ಸಿಕ್ಕಿಬೀಳುತ್ತಾನೆ ಅನ್ನೋದು ಮೊದಲೇ ಗೊತ್ತಿದ್ದ ಹಾಗಿದೆ.

ಎರಡನೇ ಎಳೆ ಲೆಕ್ಕ. ಇದಕ್ಕೆ ಫೋನಿನ ಕ್ಯಾಲ್ಕುಲೇಟರ್ ಸಾಕು. ಈಗ ನೀವು ನಿಂತಿರುವ ಸೇತುವೆ 1937ರಲ್ಲಿ ತೆರೆದದ್ದು, ಮತ್ತು ಇದು ಹದಿನೇಳನೆಯದು. ಮೊದಲ ಸೇತುವೆ ಕೋಟೆ ಕಟ್ಟುತ್ತಿದ್ದ ವರ್ಷಗಳದ್ದು, ಅಂದರೆ ಸುಮಾರು 330 ವರ್ಷದಲ್ಲಿ ಹದಿನಾರು ಸಲ ಬದಲಾಗಿದೆ. ಸರಾಸರಿ ಇಪ್ಪತ್ತು ವರ್ಷಕ್ಕೊಂದು. ನೀರಲ್ಲಿ ನಿಂತ ಮರದ ಕಂಬಕ್ಕೆ ಅದು ಸಹಜ ಆಯಸ್ಸೇ. ಹಾಗಾದರೆ ಮುನ್ನೂರು ವರ್ಷ ಅಲುಗಾಡದ ಸೇತುವೆ ಎಲ್ಲಿ? ಇಲ್ಲ. ಬಲಿ ಕೊಟ್ಟರೂ ಸೇತುವೆ ಸವೆಯುತ್ತಲೇ ಇತ್ತು, ಜನ ಕಟ್ಟುತ್ತಲೇ ಇದ್ದರು. ಅಲುಗದೆ ನಿಂತದ್ದು ಕಂಬ ಅಲ್ಲ, ಅದರ ಹೆಸರು.

ಹೆಸರಿನ ಬಗ್ಗೆಯೂ ಒಂದು ತಕರಾರು ಇದೆ. ಗೆನ್ಸುಕೆ ಅನ್ನೋದು ಮನುಷ್ಯನ ಹೆಸರೇ ಅಲ್ಲ, ಯಾವುದೋ ಶಕೆಯ ಹೆಸರು ಊರಿನವರ ಬಾಯಲ್ಲಿ ತಿರುಚಿಕೊಂಡದ್ದು ಅಂತ ಕೆಲವರು ಹೇಳುತ್ತಿದ್ದರೆಂದು ಹರ್ನ್ ಅವರೇ ಬರೆದಿದ್ದಾರೆ. ಇದನ್ನೂ ಪರೀಕ್ಷಿಸಬಹುದು. ಕೋಟೆ ಕಟ್ಟುವಾಗ ನಡೆಯುತ್ತಿದ್ದದ್ದು ಕೇಚೊ ಶಕೆ, 1596ರಿಂದ 1615. ಗೆನ್ ಅಂತ ಶುರುವಾಗುವ ಗೆನ್ನಾ ಬಂದದ್ದು 1615ರಲ್ಲಿ, ಗೆನ್ರೊಕು 1688ರಲ್ಲಿ. ಶಕೆಯ ಮಾತು ನಿಜವಾದರೆ ಆ ಕಂಬ ಮೊದಲ ಸೇತುವೆಯದ್ದಲ್ಲ, ಯಾವುದೋ ರಿಪೇರಿಯದ್ದು ಅಂತ ಆಗುತ್ತದೆ. ನನಗೇನೋ ಇದು ಸ್ವಲ್ಪ ಎಳೆದು ತಂದ ವಾದ ಅನ್ನಿಸುತ್ತದೆ, ಆದರೆ ತಲೆಗೆ ಒಳ್ಳೆ ಕೆಲಸ.

ಮೂರನೆಯದು ಕೆಸರು. ಹರಿಯುವ ನೀರು ಕಂಬಕ್ಕೆ ಬಡಿದಾಗ ಸುಳಿ ಏಳುತ್ತದೆ, ಸುಳಿ ಕಂಬದ ಬುಡದ ಮಣ್ಣನ್ನು ಕೆದಕುತ್ತದೆ, ಬುಡದಲ್ಲಿ ಗುಂಡಿ ಬೀಳುತ್ತದೆ. ಸೆಳೆತ ಜಾಸ್ತಿ ಇರುವ ನಡುಗಂಬಕ್ಕೇ ಮೊದಲ ಪೆಟ್ಟು. ಬುಡ ಕೊರೆಯದಿರಲಿ ಅಂತ ಕಲ್ಲು ಸುರಿಯುವುದು ಇವತ್ತಿಗೂ ಇರುವ ಉಪಾಯವೇ, ಆದರೆ ಮೆತ್ತನೆ ತಳದ ಮೇಲೆ ಬರೀ ಕಲ್ಲು ಹಾಕಿದರೆ ಮೊಸರಿಗೆ ಕಲ್ಲು ಹಾಕಿದ ಹಾಗೆ, ನಿಧಾನ ಒಳಗೆ ಹೋಗುತ್ತದೆ. ಹಗಲು ಹಾಕಿದ್ದು ರಾತ್ರಿ ಮಾಯ ಅನ್ನೋ ಮಾತಲ್ಲಿ ದೆವ್ವದ ಕೈವಾಡ ಹುಡುಕಬೇಕಾಗಿಲ್ಲ, ಅದು ಕೆಲಸಗಾರನ ಕಣ್ಣಿಗೆ ಕಂಡದ್ದೇ. ಸಾಲದ್ದಕ್ಕೆ 1630ರ ದಶಕದ ಪ್ರವಾಹಗಳಲ್ಲಿ, ಅದುವರೆಗೆ ಪಶ್ಚಿಮಕ್ಕೆ ಹರಿಯುತ್ತಿದ್ದ ಹಿಯಿ ನದಿ ಪೂರ್ವಕ್ಕೆ ತಿರುಗಿ ಶಿಂಜಿ ಸರೋವರಕ್ಕೆ ಬಿತ್ತು. ಆ ನೀರೆಲ್ಲ ಹೊರಗೆ ಹೋಗಬೇಕಾದರೆ ಇದೇ ಸೇತುವೆಯ ಕೆಳಗೆ. ಮಣ್ಣೂ ಕಡಿಮೆಯಿಲ್ಲ, ಮೇಲಿನ ಬೆಟ್ಟಗಳಲ್ಲಿ ಕಬ್ಬಿಣದ ಮರಳಿಗಾಗಿ ಗುಡ್ಡ ಕಡಿದು ತೊಳೆದದ್ದೂ ಅದರಲ್ಲಿ ಬರುತ್ತಿತ್ತು. 1972ರ ಜುಲೈನಲ್ಲೂ ಸರೋವರ ಉಕ್ಕಿ ಊರು ಸುಮಾರು ಒಂದು ವಾರ ನೀರಲ್ಲಿತ್ತು.

ನಾಲ್ಕನೇ ಎಳೆ ಬೇರೆ ಊರುಗಳದ್ದು. ಇಂಥ ಬಲಿಗೆ ಜಪಾನಿನಲ್ಲಿ ಹಿತೊಬಾಶಿರಾ ಅಂತ ಹೆಸರು, ಅಂದರೆ ಮನುಷ್ಯಗಂಬ. ಒಸಾಕಾದ ನಾಗರಾ ಸೇತುವೆಗೂ ಒಂದಿದೆ. ಅಲ್ಲಿ ಇವಾಉಜಿ ಎಂಬವನು ತಾನೇ ಬಾಯಿಬಿಟ್ಟು, ಹಕಾಮಾಕ್ಕೆ ತೇಪೆ ಹಾಕಿಕೊಂಡು ಬಂದವನನ್ನು ಹೂಳಿ ಅಂದನಂತೆ. ನೋಡಿದರೆ ತೇಪೆ ಇದ್ದದ್ದು ಅವನ ಹಕಾಮಾಕ್ಕೇ! ಅಪ್ಪನ ಗತಿ ನೋಡಿದ ಮಗಳು ಮಾತಾಡುವುದನ್ನೇ ಬಿಟ್ಟಳು. ಕೂಗದೇ ಇದ್ದಿದ್ದರೆ ಹಕ್ಕಿಗೆ ಬಾಣ ಬೀಳುತ್ತಿರಲಿಲ್ಲ ಅನ್ನೋ ಜಪಾನಿ ಗಾದೆಗೆ ಈ ಕಥೆಯನ್ನೇ ಗಂಟುಹಾಕುತ್ತಾರೆ. ಮತ್ತೆ ಬಟ್ಟೆ, ಮತ್ತೆ ಹಕಾಮಾ. ಎರಡು ಊರು, ಒಂದೇ ಗುರುತು. ಅಂದರೆ ಗೆನ್ಸುಕೆಯ ಕಥೆ ಇಲ್ಲೇ ಹುಟ್ಟಿತು ಅನ್ನುವುದಕ್ಕಿಂತ, ತಿರುಗಾಡುವ ಕಥೆಯೊಂದು ಇಲ್ಲಿನ ಕೆಸರಿಗೆ ಬಂದು ಕಾಲೂರಿತು ಅನ್ನೋದು ಹೆಚ್ಚು ಸರಿ ಅಲ್ವಾ?

ಇನ್ನೂ ಹಳೆಯದು 720ರ ನಿಹೋನ್ ಶೋಕಿ ಎಂಬ ಜಪಾನಿನ ಇತಿಹಾಸ ಗ್ರಂಥದಲ್ಲಿದೆ, ಮತ್ತು ನನಗೆ ಎಲ್ಲಕ್ಕಿಂತ ಇಷ್ಟ ಅದು. ಮನ್ದಾ ಎಂಬ ಒಡ್ಡು ಎರಡು ಕಡೆ ಮತ್ತೆ ಮತ್ತೆ ಒಡೆಯುತ್ತಿತ್ತು, ಇಬ್ಬರನ್ನು ನದಿಗೆ ಕೊಡಿ ಅಂತ ಚಕ್ರವರ್ತಿಗೆ ಕನಸು ಬಿತ್ತು. ಕೊವಕುಬಿ ಎಂಬವನು ಅಳುತ್ತಾ ನೀರಿಗಿಳಿದು ಸತ್ತ. ಕೊರೊಮೊನೊಕೊ ಮಾತ್ರ ಎರಡು ಸೋರೆಬುರುಡೆ ತಂದು ನೀರಿಗೆ ಎಸೆದ. ನೀನು ನಿಜವಾದ ದೇವರಾದರೆ ಇವನ್ನು ಮುಳುಗಿಸು, ಆಗ ಬರುತ್ತೇನೆ, ಆಗದಿದ್ದರೆ ನಾನ್ಯಾಕೆ ಸುಮ್ನೆ ಸಾಯಲಿ ಅಂದ. ಬುರುಡೆ ತೇಲಿಕೊಂಡೇ ಹೋದವು. ಅವನು ಬದುಕಿದ. ಒಡ್ಡೂ ನಿಂತಿತು!

ಇಷ್ಟು ಬಿಡಿಸಿದ ಮೇಲೆ ಕಥೆ ಸುಳ್ಳು ಅಂತ ಕೈ ಝಾಡಿಸಬೇಡಿ. ಭಯ ಸುಳ್ಳಾಗಿರಲಿಲ್ಲ. ಹರ್ನ್ ಇಂಗ್ಲಿಷ್ ಮೇಷ್ಟ್ರಾಗಿ ಮಾತ್ಸುಯೆಗೆ ಬಂದದ್ದು 1890ರ ಆಗಸ್ಟ್ ಕೊನೆಗೆ, ಮುಂದಿನ ವರ್ಷ ಹೊಸ ಸೇತುವೆ ತೆರೆದಾಗ ಅವರು ಊರಲ್ಲೇ ಇದ್ದರು. ಸೇತುವೆ ಕಟ್ಟುವ ಹೊತ್ತಿಗೆ ಹಳ್ಳಿಗಳಲ್ಲಿ ಗುಲ್ಲು ಹಬ್ಬಿತು: ಹೊಸ ಕಂಬಕ್ಕೆ ಹೊಸ ಗೆನ್ಸುಕೆ ಬೇಕಂತೆ, ಹಳೇ ಥರ ಜುಟ್ಟು ಬಿಟ್ಟವರನ್ನೇ ಹಿಡೀತಾರಂತೆ. ನೂರಾರು ಮುದುಕರು ಜುಟ್ಟು ಕತ್ತರಿಸಿಕೊಂಡರು. ಸರ್ಕಾರ 1871ರಲ್ಲೇ ಜುಟ್ಟು ತೆಗೆಯಬಹುದು ಅಂತ ಹೇಳಿದ್ದರೂ ಕೇಳದವರು, ಒಂದು ಗಾಳಿಮಾತಿಗೆ ಕತ್ತರಿಗೆ ತಲೆಕೊಟ್ಟರು. ಆಮೇಲೆ ಇನ್ನೊಂದು ಗುಲ್ಲು, ಮೊದಲ ದಿನ ಸೇತುವೆ ದಾಟುವ ಸಾವಿರನೆಯವನನ್ನು ಹಿಡಿಯಲು ಪೊಲೀಸರಿಗೆ ಗುಟ್ಟಾಗಿ ಹೇಳಿದ್ದಾರಂತೆ ಅಂತ. ಇನಾರಿ ದೇವರ ದೊಡ್ಡ ಹಬ್ಬಕ್ಕೆ ತುಂಬಿ ತುಳುಕಬೇಕಿದ್ದ ಊರಿಗೆ ಆ ವರ್ಷ ರೈತರು ಹೆಚ್ಚು ಬರಲಿಲ್ಲ, ವ್ಯಾಪಾರಿಗಳಿಗೆ ಹಲವು ಸಾವಿರ ಯೆನ್ ನಷ್ಟವಾಯಿತು.

ಮತ್ತೆ ಮೊದಲು ದಾಟಿದ್ದು ಯಾರು ಗೊತ್ತಾ? ಊರಿಗೇ ಅತಿ ಸುಖಿಗಳು ಅಂತ ಹುಡುಕಿ ತಂದ ಇಬ್ಬರು ಅಜ್ಜಂದಿರು. ಮದುವೆಯಾಗಿ ಐವತ್ತು ವರ್ಷ ದಾಟಿರಬೇಕು, ಹನ್ನೆರಡಕ್ಕೆ ಕಡಿಮೆಯಿಲ್ಲದ ಮಕ್ಕಳಿರಬೇಕು, ಅದರಲ್ಲಿ ಒಂದೂ ಸತ್ತಿರಬಾರದು. ಅವರು ಹೆಂಡಂದಿರ ಜೊತೆ ಮುಂದೆ, ಮಕ್ಕಳು ಮೊಮ್ಮಕ್ಕಳು ಮರಿಮಕ್ಕಳು ಹಿಂದೆ, ಪಟಾಕಿ, ತೋಪಿನ ಸದ್ದು. ಹೊಸ ಸೇತುವೆಯನ್ನು ಹೀಗೆ ಮೊದಲು ದಾಟುವ ಶಾಸ್ತ್ರಕ್ಕೆ ವತಾರಿಜೊಮೆ ಅನ್ನುತ್ತಾರೆ. ಈಗಲೂ ಜಪಾನಿನಲ್ಲಿ ಸೇತುವೆ ತೆರೆಯುವಾಗ ಒಂದೇ ಮನೆಯ ಮೂರು ತಲೆಮಾರಿನ ಜೋಡಿಗಳನ್ನು ಕರೆಸಿ ಮುಂದೆ ನಡೆಸುವುದುಂಟು. ಗೆನ್ಸುಕೆಯೂ ಮೊದಲು ಬಂದವನೇ, ಈ ಅಜ್ಜಂದಿರೂ ಮೊದಲು ಬಂದವರೇ. ಒಂದೇ ಜಾಗ, ಒಂದೇ ಷರತ್ತು, ಪೂರಾ ಉಲ್ಟಾ.

ಇಷ್ಟಾದ ಮೇಲೆ ಉತ್ತರಕ್ಕೆ ಇಳಿಯಿರಿ. ಹತ್ತಿರದಲ್ಲೇ ಕರಕೊರೊ ಅನ್ನುವ ಬೋರ್ಡು ಕಾಣುತ್ತದೆ. ಅದು ಮರದ ಸೇತುವೆಯ ಮೇಲೆ ಗೆತಾ ಅನ್ನುವ ಮರದ ಚಪ್ಪಲಿಗಳು ಬಡಿಯುತ್ತಿದ್ದ ಸದ್ದು. ಬೆಳಗ್ಗೆ ಎದ್ದರೆ ಕಿವಿಗೆ ಬೀಳುತ್ತಿದ್ದ ಆ ಸದ್ದಿಗೆ ಹರ್ನ್ ಮಾರುಹೋಗಿದ್ದರು. ಈಗ ಕಾರಿನ ಸದ್ದು ಮಾತ್ರ, ಏನ್ಮಾಡೋದು.

ಕೋಟೆಗೆ ಹೋದರೆ ಎತ್ತರ ಹತ್ತಿ ಫೋಟೊ ತೆಗೆಯುವ ಮೊದಲು ನೆಲಮಾಳಿಗೆಯಲ್ಲಿ ನಿಂತು ಕಂಬಗಳನ್ನು ನೋಡಿ. ಜಪಾನಿನಲ್ಲಿ ಹಳೇ ಕಾಲದಿಂದ ಹಾಗೇ ಉಳಿದ ಕೋಟೆಗೋಪುರಗಳು ಹನ್ನೆರಡೇ, ಅದರಲ್ಲಿ ಇದೊಂದು. ಇದು ಯಾವಾಗ ಮುಗಿಯಿತು ಅನ್ನೋದಕ್ಕೆ ಗಟ್ಟಿ ಸಾಕ್ಷಿ ಬಹಳ ಕಾಲ ಇರಲಿಲ್ಲ. 2012ರಲ್ಲಿ ಎರಡು ಪ್ರಾರ್ಥನೆಯ ಮರದ ಪಟ್ಟಿಗಳು ಮತ್ತೆ ಸಿಕ್ಕವು, ಮೇಲೆ ಕೇಚೊ 16 ಅಂತ ಬರಹ, ಅಂದರೆ 1611. ಪಟ್ಟಿಯ ಮೊಳೆತೂತುಗಳು ಈ ಕಂಬಗಳ ಮೊಳೆತೂತುಗಳಿಗೆ ಸರಿಯಾಗಿ ಕೂತವು. 2015ರಲ್ಲಿ ಕೋಟೆ ರಾಷ್ಟ್ರೀಯ ನಿಧಿಯಾಯಿತು. ಇದೇ ಕೋಟೆಗೂ ಒಂದು ಮನುಷ್ಯಗಂಬದ ಕಥೆ ಇದೆ. ಚೆನ್ನಾಗಿ ಕುಣಿಯುತ್ತಿದ್ದ ಒಬ್ಬ ಹುಡುಗಿಯನ್ನು ಗೋಡೆಯಡಿ ಹೂತರಂತೆ. ಆಮೇಲೆ ಊರಲ್ಲಿ ಯಾವ ಹುಡುಗಿ ಕುಣಿದರೂ ಕೋಟೆಗುಡ್ಡ ನಡುಗುತ್ತಿತ್ತಂತೆ, ಅದಕ್ಕೇ ಬೀದಿಯಲ್ಲಿ ಕುಣಿಯಬಾರದು ಅಂತ ಕಾನೂನು ಮಾಡಿದರಂತೆ. ಕಟ್ಟಡಕ್ಕೆ ಮೊಳೆತೂತಿನ ಸಾಕ್ಷಿ, ಹುಡುಗಿಗೆ ಹೆಸರೂ ಇಲ್ಲ.

ವಾಪಸ್ ಅದೇ ಸೇತುವೆ ದಾಟಿ ಬನ್ನಿ. ಈಗ ಆ ಪುಟ್ಟ ಪಾರ್ಕಿಗೆ ಹೋಗಿ, ಅದರ ಹೆಸರೇ ಗೆನ್ಸುಕೆ ಪಾರ್ಕ್. ಒಂದು ಕಲ್ಲು ಗೆನ್ಸುಕೆ ಕಂಬದ ನೆನಪಿಗೆ. ಇನ್ನೊಂದು ಫುಕಾದಾ ಎಂಬ ಎಂಜಿನಿಯರ್ ನೆನಪಿಗೆ. ಈಗಿನ ಸೇತುವೆ ಕಟ್ಟುವಾಗ, 1936ರಲ್ಲಿ, ಕೆಲಸದ ಜಾಗದಲ್ಲೇ ಅಪಘಾತವಾಗಿ ತೀರಿಕೊಂಡವರು ಅವರು. ಎರಡು ಕಲ್ಲಿನ ನಡುವೆ ಸ್ವಲ್ಪ ಹೊತ್ತು ನಿಲ್ಲಿ, ಅವಸರ ಬೇಡ.

ಅಷ್ಟು ಹೊತ್ತಿಗೆ ಸಂಜೆಯಾಗಿದ್ದರೆ ಸ್ಟೇಷನ್ನಿಗೆ ತಿರುಗಬೇಡಿ, ದಕ್ಷಿಣ ದಂಡೆ ಹಿಡಿದು ಪಶ್ಚಿಮಕ್ಕೆ ನಡೆಯಿರಿ. ಸರೋವರದ ಅಂಚಿನ ಆರ್ಟ್ ಮ್ಯೂಸಿಯಂ ದಾಟಿದ ಮೇಲೆ ಸೂರ್ಯಾಸ್ತ ನೋಡಲು ಮೆಟ್ಟಿಲುಗಳಿವೆ, ಜನ ಕೂತಿರುತ್ತಾರೆ. ಎದುರಿಗೆ ನೀರಲ್ಲಿ ಪೈನ್ ಮರಗಳಿರುವ ಒಂದು ಚಿಕ್ಕ ದ್ವೀಪ, ಹೆಸರು ಯೊಮೆಗಾಶಿಮಾ. ಯೊಮೆ ಅಂದರೆ ಸೊಸೆ. ನೀರಿನ ಪಾಲಾದ ಒಬ್ಬ ಸೊಸೆಯ ಜೊತೆ ರಾತ್ರೋರಾತ್ರಿ ಎದ್ದು ಬಂದ ದ್ವೀಪವಂತೆ ಅದು.